ಜಾಣಕಿವುಡು

ಹಳೆಯ ಐಸ್ ಕಾರ್ಖಾನೆಯ ಕಟ್ಟಡದಲ್ಲಿ ವಿಶ್ವವಿದ್ಯಾಲಯ ಶುರುವಾಗುತ್ತದೆ ಎಂದಾಗ ಊರಿನವರು ಮೊದಲು ನಕ್ಕದ್ದು ಅದರ ಹೆಸರಿಗೆ. ಉದ್ಯೋಗಸ್ಥಳ ಆರೋಗ್ಯ ಮತ್ತು ಅಂಗವೈಕಲ್ಯ ನಿರ್ವಹಣಾ ವಿಶ್ವವಿದ್ಯಾಲಯ. ಗೇಟಿನ ಕಮಾನಿಗೆ ಅದು ಹಿಡಿಸಲಿಲ್ಲ. ಬೋರ್ಡು ಬರೆಯುವವನು 'ಮತ್ತು' ಎಂಬಲ್ಲಿಗೆ ಕಮಾನು ಮುಗಿಸಿ, ಉಳಿದದ್ದನ್ನು ಗೇಟಿನ ಎರಡು ಬಾಗಿಲುಗಳ ಮೇಲೆ ಬರೆದು ಕೈತೊಳೆದುಕೊಂಡ. ಗೇಟು ತೆರೆದಿದ್ದಾಗಲೆಲ್ಲ ಹೆಸರು ಅರ್ಧಕ್ಕೆ ನಿಲ್ಲುತ್ತಿತ್ತು. ಜನ ಅಷ್ಟು ದೂರ ಹೋಗಲೇ ಇಲ್ಲ. ಪೆಟ್ಟಿನ ಯೂನಿವರ್ಸಿಟಿ ಎಂದರು, ಅದೇ ನಿಂತಿತು.

ಕೆಲಸದಲ್ಲಿ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ, ಪೆಟ್ಟಾದವರನ್ನು ಮತ್ತೆ ಕೆಲಸಕ್ಕೆ ಕೂಡಿಸುವುದು ಹೇಗೆ ಎಂದು ಕಲಿಸುವ ಜಾಗ ಅದು. ಮೊದಲ ವರ್ಷ ಒಂದೇ ಒಂದು ಡಿಪ್ಲೊಮಾ. ಅರ್ಧ ಸೀಟು ಅಂಕ ನೋಡಿ. ಇನ್ನರ್ಧ, ದುಡಿಮೆಯಿಂದಲೇ ದೇಹಕ್ಕೆ ಊನ ಬಂದವರಿಗೆ. ಓದುವಷ್ಟು ಕಾಲ ಭತ್ಯೆ ಉಂಟು. ಓದಿ ಮುಗಿಸಿದವರನ್ನು ಕಾರ್ಖಾನೆಗಳು ಸುರಕ್ಷಾ ಸಹಾಯಕರಾಗಿ ತೆಗೆದುಕೊಳ್ಳಬೇಕೆಂದು ನಿಯಮವೂ ಆಗಿತ್ತು.

ಆ ಪೆಟ್ಟಿನ ಸೀಟುಗಳಲ್ಲಿ ಒಂದು ರೇಡಿಯೊಗೆ ಬೇಕಾಗಿತ್ತು.

ರೇಡಿಯೊ ಎಂಬುದು ಶೆಡ್ಡಿನವರು ಇಟ್ಟ ಹೆಸರು. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವ ಶೆಡ್ಡು. ಅವಳು ಮದುವೆಯಾದ ವರ್ಷದಿಂದ ಅಲ್ಲಿ ಪ್ರೆಸ್ಸಿನ ಮುಂದೆ ನಿಂತಿದ್ದಳು. ಮಗಳು ಈಗ ಕಾಲೇಜಿನ ಕೊನೆಯ ವರ್ಷ. ಅಷ್ಟು ಕಾಲದ ಸದ್ದಿಗೆ ಕಿವಿ ಸವೆದು ಹೋಗಿತ್ತು. ಕೇಳಿಸದವರಲ್ಲಿ ಎರಡು ಥರ, ಬಾಯಿ ಮುಚ್ಚಿಕೊಂಡವರು ಮತ್ತು ಮುಚ್ಚದವರು. ಅವಳು ಎರಡನೇ ಥರ. ತಾನೇ ಮಾತಾಡುತ್ತಿದ್ದರೆ ಎದುರಿನವರದನ್ನು ಕೇಳಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ. ಬಂದರೂ ತುಟಿ ನೋಡಿ ಮುಕ್ಕಾಲು ಪಾಲು ಹಿಡಿದುಬಿಡುತ್ತಿದ್ದಳು, ಉಳಿದ ಕಾಲು ಭಾಗಕ್ಕೆ ನಗುತ್ತಿದ್ದಳು. ಎದುರಿನವರು ಹೇಳುತ್ತಿದ್ದುದು ಸಾವಿನ ಸುದ್ದಿಯಾಗಿದ್ದಾಗ ಒಮ್ಮೆ ಆ ನಗು ಎಡವಟ್ಟಾಗಿತ್ತು.

ಅವಳಿಗೆ ಸೀಟು ಬೇಕಾದದ್ದು ಓದಿನ ಆಸೆಗಲ್ಲ, ಬೆರಳುಗಳ ಆಸೆಗೆ. ಪ್ರೆಸ್ಸು ಆಗೊಮ್ಮೆ ಈಗೊಮ್ಮೆ ಒಂದರ ಬದಲು ಎರಡು ಸಲ ಇಳಿಯುತ್ತದೆ. ಎರಡನೆಯದಕ್ಕೆ ಮುಂಚೆ ಒಳಗೆಲ್ಲೋ ಟಿಕ್ ಎನ್ನುತ್ತದೆ. ಕೈ ಹಿಂದೆಳೆಯಲು ಅಷ್ಟೇ ಸೂಚನೆ. ಆ ಟಿಕ್ ಅವಳಿಗೆ ಕೇಳಿಸುವುದು ಯಾವಾಗಲೋ ನಿಂತುಹೋಗಿತ್ತು. ಪಕ್ಕದ ಪ್ರೆಸ್ಸಿನಲ್ಲಿ ಅವಳ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಕೆಲಸ ಮಾಡುತ್ತಿದ್ದಳು. ಟಿಕ್ ಎಂದ ಕೂಡಲೇ ವಾರಗಿತ್ತಿ ಕಾಲು ಚಾಚಿ ರೇಡಿಯೊಳ ಹಿಮ್ಮಡಿಗೆ ಒದೆಯುತ್ತಿದ್ದಳು. ಅದಕ್ಕೆ ಬದಲಾಗಿ ರೇಡಿಯೊ, ವಾರಗಿತ್ತಿಯ ಪ್ರೆಸ್ಸು ಎರಡನೇ ಸಲ ಇಳಿಯುವ ಮುಂಚೆ ಅದರ ಹಿಂಬದಿಯ ಚಕ್ರ ಅದುರುವುದನ್ನು ತನ್ನ ಜಾಗದಿಂದ ನೋಡಿ, ಮೊಣಕೈಯಲ್ಲಿ ತಿವಿಯುತ್ತಿದ್ದಳು. ಒಬ್ಬಳ ಕಿವಿ, ಒಬ್ಬಳ ಕಣ್ಣು, ಎರಡೂ ಸೇರಿ ಒಂದು ಪೂರ್ತಿ ಆಳು ಎಂದು ಶೆಡ್ಡಿನವರು ಆಡಿಕೊಳ್ಳುತ್ತಿದ್ದರು. ಸಂಬಳ ಮಾತ್ರ ಇಬ್ಬರದು.

ಕಿವಿ ಹೋಯಿತೆಂದು ಮೇಲಿನವರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳಿದವರನ್ನು 'ಹಗುರ ಕೆಲಸ'ಕ್ಕೆ ಹಾಕುತ್ತಿದ್ದರು. ಹಾಗೆಂದರೆ ತಗಡಿನ ಚೂರು ಗುಡಿಸುವುದು. ಕೆಲಸ ಹಗುರ, ಸಂಬಳ ಅದಕ್ಕಿಂತ ಹಗುರ. ಹೀಗಾಗಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಬಂದಾಗ ಇಡೀ ಸಾಲು ಪಾಸಾಗುತ್ತಿತ್ತು. ಪರೀಕ್ಷೆ ಮಾಡುವ ಕಾಂಪೌಂಡರ್ ಎದುರಿಗೇ ಕೂರುತ್ತಿದ್ದ. ಅವನು ಯಂತ್ರದ ಗುಂಡಿ ಒತ್ತುವಾಗ ಬಲಭುಜ ಕೂದಲೆಳೆಯಷ್ಟು ಏಳುತ್ತಿತ್ತು. ಭುಜ ಎದ್ದಾಗ ಕೈಯೆತ್ತಿದರೆ ಆಯಿತು. ಹೊಸಬರು ಶೆಡ್ಡಿಗೆ ಬಂದಾಗ ಪ್ರೆಸ್ಸಿಗಿಂತ ಮೊದಲು ಕಲಿಯುತ್ತಿದ್ದುದು ಭುಜ ನೋಡುವುದನ್ನು. ಕೊನೆಯಲ್ಲಿ ಕಾರ್ಖಾನೆಯ ದೊಡ್ಡ ಡಾಕ್ಟ್ರು ಬಂದು ಎಲ್ಲರ ಫಲಿತಾಂಶಕ್ಕೂ ಒಟ್ಟಿಗೆ ಸಹಿ ಹಾಕಿ ಹೋಗುತ್ತಿದ್ದರು.

ವಿಶ್ವವಿದ್ಯಾಲಯದ ಕಿವಿ ಪ್ರಯೋಗಾಲಯ ಐಸ್ ಗಡ್ಡೆ ಪೇರಿಸಿಡುತ್ತಿದ್ದ ಕೋಣೆಯಲ್ಲಿತ್ತು. ಮೊಳದಪ್ಪದ ಗೋಡೆ, ತಳ್ಳಿದರೆ ತಾನಾಗಿ ಮುಚ್ಚುವ ಬಾಗಿಲು. ಹೊರಗಿನ ಸದ್ದು ಬರದ ಜಾಗ ಅದೊಂದೇ ಎಂದು ಹುಡುಕಿ ಇಟ್ಟಿದ್ದರು. ಯಂತ್ರ ಹೊಸದು, ತಜ್ಞೆಯೂ ಹೊಸಬಳು. ಅವಳು ರೇಡಿಯೊಳನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಸದ್ದು ಕೇಳಿಸಿದಾಗ ಕೈಯೆತ್ತಬೇಕೆಂದು ಹೇಳಿ, ಗಾಜಿನಾಚೆ ತನ್ನ ಯಂತ್ರದ ಮುಂದೆ ಕೂತಳು.

ಇಲ್ಲಿ ಮೋಸ ಮಾಡುವ ಅಗತ್ಯವಿಲ್ಲ ಎಂಬುದು ರೇಡಿಯೊಗೆ ಚೆನ್ನಾಗಿ ಗೊತ್ತಿತ್ತು. ಕೇಳಿಸದಿದ್ದರೆ ಸುಮ್ಮನಿದ್ದರಾಯಿತು, ಅದಕ್ಕೇ ಬಂದದ್ದು. ಬಸ್ಸಿನುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಕಣ್ಣಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ತನ್ನ ಪಾಡಿಗೆ ತಜ್ಞೆಯ ಭುಜಕ್ಕೆ ಹೋಯಿತು. ಭುಜ ಅಲುಗಲಿಲ್ಲ. ಅಲ್ಲಿಂದ ಬೆರಳಿಗೆ, ಬೆರಳಿನಿಂದ ಮುಖಕ್ಕೆ. ಸದ್ದು ಹೊರಟಾಗಲೆಲ್ಲ ಯಂತ್ರದಲ್ಲಿ ಒಂದು ಹಸಿರು ದೀಪ ಹೊತ್ತುತ್ತಿತ್ತು, ತಜ್ಞೆಯ ಕನ್ನಡಕದಲ್ಲಿ ಅದರ ಚುಕ್ಕಿ ಕಾಣುತ್ತಿತ್ತು. ಚುಕ್ಕಿ ಕಂಡ ಕೂಡಲೇ ರೇಡಿಯೊಳ ಕೈ ಎದ್ದಿತು. ಬೇಡ ಎಂದುಕೊಂಡು ಇಳಿಸಿದಳು. ಚುಕ್ಕಿ ಮತ್ತೆ ಕಂಡಿತು, ಕೈ ಮತ್ತೆ ಎದ್ದಿತು. ಮುಂದೆ ಅದು ಎದ್ದದ್ದೂ ಅವಳಿಗೆ ತಿಳಿಯಲಿಲ್ಲ. ಪ್ರೆಸ್ಸಿನ ಮುಂದೆ ಹೇಗೋ ಹಾಗೆ, ಕಣ್ಣು ನೋಡುತ್ತಿತ್ತು, ಕೈ ಮಾಡುತ್ತಿತ್ತು.

ತಜ್ಞೆ ನಗುತ್ತ ಬಾಗಿಲು ತೆರೆದಳು.

"ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ಅಷ್ಟು ಸದ್ದಲ್ಲಿ ಕೆಲಸ ಮಾಡಿಯೂ ಹೀಗೆ ಇಟ್ಕೊಂಡಿದ್ದೀರಲ್ಲ."

ರೇಡಿಯೊ ತುಟಿ ಓದಿದಳು. ಮುಕ್ಕಾಲು ಪಾಲು ಅರ್ಥವಾಯಿತು. ಉಳಿದದ್ದಕ್ಕೆ ನಕ್ಕಳು. ಬಸ್ ಸ್ಟಾಪಿಗೆ ಬಂದ ಮೇಲೆ, ಕೈಯಲ್ಲಿದ್ದ ಚೀಟಿಯಲ್ಲಿ 'ಅರ್ಹರಲ್ಲ' ಎಂದು ಬರೆದದ್ದನ್ನು ಓದಿದಳು.

"ಫೇಲಾಗೋಕೆ ಹೋಗಿ ಫಸ್ಟ್ ಕ್ಲಾಸಲ್ಲಿ ಪಾಸಾಗಿ ಬಂದಿದೀಯಲ್ಲಮ್ಮ" ಎಂದಳು ಮನೆಯಲ್ಲಿ ಚೀಟಿ ಓದಿದ ಮಗಳು. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ತುಟಿ ಕಚ್ಚಿದ್ದರಿಂದ ಮಾತು ತಾಯಿಗೆ ತಲುಪಲಿಲ್ಲ. ಬಾಯಿ ಬಿಡಿಸಿ ಎರಡನೇ ಸಲ ಹೇಳಬೇಕಾಯಿತು. ಎರಡನೇ ಸಲ ಅದು ನಗೆಮಾತಾಗಿ ಉಳಿಯಲಿಲ್ಲ.

"ನಗು. ನಾಳೆ ನನ್ನ ಬೆರಳು ಮುಚ್ಚಳದ ಜೊತೆ ಡಬ್ಬಿಗೆ ಹೋದ್ರೆ ಆಗಲೂ ನಗು."

"ನಾನೇನ್ ಮಾಡ್ಲಿ? ಸುಮ್ನೆ ಕಣ್ಣು ಮುಚ್ಚಿಕೊಂಡು ಕೂತ್ಕೋಬಾರದಿತ್ತಾ?"

"ಯಂತ್ರದ ಮುಂದೆ ಕಣ್ಣು ಮುಚ್ಚೋದು ನಂಗೆ ಯಾರು ಕಲಿಸಿದಾರೆ?"

ವಾರಗಿತ್ತಿ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಎರಡು ಸಂಸಾರಕ್ಕೂ ಒಂದೇ ಗೋಡೆ, ಒಂದೇ ನಲ್ಲಿ. ಒಂದು ಮನೆಯಲ್ಲಿ ಆಡಿದ ಮಾತು ಇನ್ನೊಂದಕ್ಕೆ ಹೋಗದಿರಲು ಕಾರಣವೇ ಇರಲಿಲ್ಲ, ಅದರಲ್ಲೂ ರೇಡಿಯೊ ಆಡಿದ್ದು.

"ಹೋಗ್ಲಿ ಬಿಡಕ್ಕ" ಎಂದಳು. "ಓದಿ ಯಾವ ರಾಜ್ಯ ಆಳ್ಬೇಕಾಗಿದೆ? ಒದೆಯೋಕೆ ನಾನಿದೀನಿ."

"ಮೊನ್ನೆ ತಡವಾಗಿ ಒದ್ದೆ."

ವಾರಗಿತ್ತಿ ಕೈ ಒರೆಸುವುದನ್ನು ಮುಂದುವರಿಸಿದಳು. ಕೈ ಆಗಲೇ ಒಣಗಿತ್ತು.

"ನಂಗೂ ತಡವಾಗೇ ಕೇಳಿಸ್ತು" ಎಂದಳು.

ಮಗಳು ಎದ್ದು ಕಿಟಕಿ ಮುಚ್ಚಿದಳು.

"ದೊಡ್ಡ ಡಾಕ್ಟ್ರೇ ಅಲ್ಲಿ ಕುಲಪತಿ ಆಗಿದಾರಂತೆ" ಎಂದಳು ರೇಡಿಯೊ. "ಹೋಗಿ ಇನ್ನೊಂದ್ಸಲ ಪರೀಕ್ಷೆ ಮಾಡಿ ಅಂತೀನಿ."

"ಯಾಕೆ ಅಂತ ಕೇಳಿದ್ರೆ?"

"ಹೇಳ್ತೀನಿ."

"ಏನಂತ ಹೇಳ್ತೀಯ? ಭುಜದ ವಿಷಯ ಬಾಯಿಬಿಟ್ಟೆ ಅಂದ್ರೆ ನಾಳೆ ಇಡೀ ಸಾಲಿನ ಕೈಗೆ ಪೊರಕೆ. ನಿಂಗೇನೋ ಭತ್ಯೆ ಬರುತ್ತೆ. ನಾನು ಹತ್ತನೇ ಕ್ಲಾಸೂ ಓದಿಲ್ಲ, ನಂಗ್ಯಾವ ಸೀಟು ಕೊಡ್ತಾರೆ? ನೀನು ಹೋದ ಮೇಲೆ ನನ್ನ ಚಕ್ರ ನೋಡೋರೂ ಇಲ್ಲ, ಹೋಗೋ ಮುಂಚೆ ನನ್ನ ಅನ್ನಕ್ಕೂ ಕಲ್ಲು ಹಾಕಿ ಹೋಗ್ತೀಯ. ಹತ್ತಿದ ಏಣೀನ ಒದೀಬೇಡ ಅಕ್ಕ."

ಎಲ್ಲವನ್ನೂ ಎದುರಿಗೆ ನಿಂತು, ಬಾಯಿ ದೊಡ್ಡದು ಮಾಡಿ, ಬಿಡಿಸಿ ಬಿಡಿಸಿ ಹೇಳಿದಳು. ಕೋಪದಲ್ಲೂ ಆ ರೂಢಿ ತಪ್ಪಿರಲಿಲ್ಲ.

"ನಿನ್ನ ಹೆಸರು ಎತ್ತಲ್ಲ" ಎಂದಳು ರೇಡಿಯೊ.

"ನನ್ನ ಹೆಸರು ಯಾಕೆ ಬೇಕು? ನಿಂದೊಂದು ಸಾಕು. ಒಂದು ಅಗುಳು ಹಿಸುಕಿದ್ರೆ ಇಡೀ ಪಾತ್ರೆ ಗೊತ್ತಾಗುತ್ತೆ."

ಕುಲಪತಿಯ ಕೋಣೆ ತುಂಬ ಕುರ್ಚಿಗಳಿದ್ದವು. ಬೆನ್ನು ನೋವಿನವರಿಗೆ ಒಂದು, ಮಂಡಿ ನೋವಿನವರಿಗೆ ಒಂದು, ಒಂದು ಬದಿಗೆ ಮಾತ್ರ ಕೈಯಿರುವ ಒಂದು. ಎಲ್ಲವೂ ಮಾದರಿಗೆಂದು ಬಂದವು. ದೊಡ್ಡ ಡಾಕ್ಟ್ರು ಕೂತದ್ದು ಹಳೇ ಐಸ್ ಕಾರ್ಖಾನೆಯ ಗುಮಾಸ್ತನ ಮರದ ಕುರ್ಚಿಯಲ್ಲಿ. ಮನುಷ್ಯ ಒಳ್ಳೆಯವರು. ಎದ್ದು ನಿಂತೇ ಕೂರಲು ಹೇಳಿದರು.

"ನಿಮ್ಮ ಕಿವಿ ಚೆನ್ನಾಗಿದೆಯಂತಲ್ಲಮ್ಮ. ಸಂತೋಷ ಪಡಬೇಕು."

"ಚೆನ್ನಾಗಿಲ್ಲ ಸಾರ್."

"ಪ್ರತಿವರ್ಷ ನಾನೇ ಸಹಿ ಹಾಕಿದೀನಿ."

"ಹಾಕಿದೀರಿ."

ಡಾಕ್ಟ್ರು ನಿಟ್ಟುಸಿರು ಬಿಟ್ಟರು. ಇಂಥದ್ದು ಆ ವಾರದಲ್ಲಿ ಮೊದಲನೆಯದಲ್ಲ. "ಪೆಟ್ಟಿನ ಸೀಟು ಅಂದದ್ದೇ ತಡ, ಊರಲ್ಲಿ ಇದ್ದಕ್ಕಿದ್ದ ಹಾಗೆ ಪೆಟ್ಟಾಗಿಬಿಟ್ಟಿದೆ. ನಿನ್ನೆ ಒಬ್ಬರು ಎಡಗಾಲು ಕುಂಟುತ್ತ ಬಂದರು, ಬಲಗಾಲು ಕುಂಟುತ್ತ ಹೋದರು. ಈಗ ಜಾಣಕಿವುಡು ಶುರುವಾದರೆ ನಾನೇನು ಮಾಡಲಿ, ಹೇಳಿ."

"ಕೇಳಿಸಿದ್ರೂ ಕೇಳಿಸದ ಹಾಗಿರೋದು ಜಾಣಕಿವುಡು ಸಾರ್. ಕೇಳಿಸದೇ ಇದ್ರೂ ಕೇಳಿಸಿದ ಹಾಗಿರೋದಕ್ಕೆ ಏನಂತಾರೆ?"

ಅವರು ಯೋಚಿಸಿದರು. ಪ್ರಶ್ನೆ ಅವರಿಗೆ ಹಿಡಿಸಿದ ಹಾಗಿತ್ತು.

"ಅದಕ್ಕೆ ಮಾತಿಲ್ಲ ಅನಿಸುತ್ತೆ."

"ನಮ್ಮಲ್ಲಿ ಡ್ಯೂಟಿ ಅಂತೀವಿ."

ಮಾತು ಬಾಯಿಂದ ಹೊರಟ ಮೇಲೆ ರೇಡಿಯೊ ನಾಲಿಗೆ ಕಚ್ಚಿಕೊಂಡಳು. ಎಷ್ಟೆಲ್ಲ ಮಾತಾಡಿದ ಬಾಯಿ, ಎಡವಿದ್ದು ಒಂದು 'ನಮ್ಮಲ್ಲಿ'ಗೆ.

"ನಮ್ಮಲ್ಲಿ ಅಂದರೆ?"

"ನಮ್ಮನೇಲಿ ಸಾರ್" ಎಂದಳು. "ನನ್ನ ಮಗಳು, ನಾನು." ಅವರು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಹೇಳಿದಳು: "ಇನ್ನೊಂದ್ಸಲ ಪರೀಕ್ಷೆ ಮಾಡ್ಸಿ. ಯಂತ್ರ ಅದೇ ಇರ್ಲಿ, ಆ ಮೇಡಮ್ಮೇ ಇರ್ಲಿ. ನನ್ನ ಕುರ್ಚಿ ಮಾತ್ರ ಗೋಡೆ ಕಡೆ ತಿರುಗಿಸಿ."

ದೊಡ್ಡ ಡಾಕ್ಟ್ರು ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡರು, ಇಟ್ಟರು. ಆ ವಾಕ್ಯದ ಅರ್ಥ ಅವರಿಗೆ ಒಂದೇ ಸಲಕ್ಕೆ ಆಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಆಯಿತು. ಮೊದಲು ಕಾಂಪೌಂಡರ್ ಎದುರು ಕೂರುತ್ತಿದ್ದುದು ನೆನಪಾಗಿರಬೇಕು. ಆಮೇಲೆ ಪ್ರತಿವರ್ಷವೂ ಇಡೀ ಸಾಲು ಪಾಸಾಗುತ್ತಿದ್ದುದು. ಎದ್ದು, ತಾವೇ ಮುಂದೆ ನಡೆದು, ಪ್ರಯೋಗಾಲಯದ ಬಾಗಿಲು ತಳ್ಳಿದರು.

ಕುರ್ಚಿ ತಿರುಗಿಸಿದರು.

ರೇಡಿಯೊಗೆ ಕಂಡದ್ದು ಬಿಳಿ ಗೋಡೆ. ಅದರಲ್ಲಿ ಐಸಿನ ಕಾಲದ ಒಂದು ಕೊಕ್ಕೆಯ ತೂತು, ಸಿಮೆಂಟು ಮೆತ್ತಿದ ಗುರುತು. ಕಣ್ಣು ಸ್ವಲ್ಪ ಹೊತ್ತು ಏನಾದರೂ ಹುಡುಕಿತು. ಭುಜವಿಲ್ಲ, ಬೆರಳಿಲ್ಲ, ತುಟಿಯಿಲ್ಲ. ಕಾಲ ಬುಡದಲ್ಲಿ ಒದೆಯುವ ಕಾಲೂ ಇಲ್ಲ. ಪರೀಕ್ಷೆ ಶುರುವಾಯಿತೋ ಇಲ್ಲವೋ ತಿಳಿಯಲಿಲ್ಲ. ದೂರದಲ್ಲಿ ಒಂದೆರಡು ಸಲ ದಪ್ಪ ಸದ್ದು ಬಂದಂತಾಯಿತು, ಕೈಯೆತ್ತಿದಳು. ಉಳಿದಂತೆ ಏನೂ ಇಲ್ಲ. ಬೆವರು ಕತ್ತಿನಿಂದ ಇಳಿಯುವುದು ಮಾತ್ರ ಗೊತ್ತಾಗುತ್ತಿತ್ತು. ಯಾರನ್ನೂ ನೋಡದೆ ಹೀಗೆ ಕೂತು ಎಷ್ಟೋ ವರ್ಷವಾಗಿತ್ತು. ಇನ್ನೇನು ಶುರು ಮಾಡುತ್ತಾರೆ ಎಂದು ಕಾದೇ ಇದ್ದಳು.

ಹೆಗಲ ಮೇಲೆ ಕೈ ಬಿದ್ದಾಗ ಬೆಚ್ಚಿದಳು. ತಜ್ಞೆ ನಿಂತಿದ್ದಳು.

"ಮುಗೀತು" ಎಂದಳು ತಜ್ಞೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ತಪ್ಪು ಎಲ್ಲಿ ಆಗಿತ್ತೆಂದು ಅವಳು ಅಷ್ಟರಲ್ಲಿ ಕಂಡುಕೊಂಡಿದ್ದಳು.

ಯಂತ್ರದ ಪರದೆಯ ಮೇಲೆ ಗೆರೆ ಎಡಗಡೆ ಮೇಲಿದ್ದು, ಬಲಗಡೆಗೆ ಹೋಗುತ್ತ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ದೊಡ್ಡ ಡಾಕ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ರೇಡಿಯೊ ಕಡೆ ಪೂರ್ತಿ ತಿರುಗಿ, ನಿಧಾನವಾಗಿ, ತುಟಿ ಕಾಣುವ ಹಾಗೆ ಕೇಳಿದರು.

"ಶೆಡ್ಡಲ್ಲಿ ಇನ್ನೂ ಎಷ್ಟು ಜನ ಹೀಗಿದಾರೆ?"

"ಕೇಳಿಸಲಿಲ್ಲ ಸಾರ್" ಎಂದಳು ರೇಡಿಯೊ.

ಡಾಕ್ಟ್ರು ಪ್ರಶ್ನೆಯನ್ನು ಎರಡನೇ ಸಲ ಕೇಳಲಿಲ್ಲ.

"ಜನಾನ ಯಾಕೆ ಅಳೀತೀರಿ" ಎಂದಳು ರೇಡಿಯೊ, ತಾನೇ ಮುಂದುವರಿದು. "ಪ್ರೆಸ್ಸನ್ನ ಅಳೀರಿ. ಅದಕ್ಕೆ ಹೊಟ್ಟೆ ಇಲ್ಲ, ಮಕ್ಕಳಿಲ್ಲ. ಸುಳ್ಳು ಹೇಳೋ ಅಗತ್ಯ ಅದಕ್ಕಿಲ್ಲ."

"ಅಳೆದಿದೀವಿ."

"ಯಾವಾಗ?"

"ಆಗಾಗ."

"ಎಷ್ಟು ಬಂತು ಸಾರ್?"

ದೊಡ್ಡ ಡಾಕ್ಟ್ರು ಬಗ್ಗಿ ಯಂತ್ರದ ವೈರನ್ನು ಸುತ್ತತೊಡಗಿದರು. ಅದು ತಜ್ಞೆಯ ಕೆಲಸ. ರೇಡಿಯೊ ಅವರ ತುಟಿಯನ್ನೇ ನೋಡುತ್ತ ನಿಂತಳು. ಅದು ಅಲುಗಲಿಲ್ಲ. ಅವರ ಕಿವಿ ಚೆನ್ನಾಗಿತ್ತು. ಆ ಕೋಣೆಯಲ್ಲಿ ಸೂಜಿ ಬಿದ್ದರೂ ಅವರಿಗೆ ಕೇಳುತ್ತಿತ್ತು. ವೈರು ಸುತ್ತಿ ಆದ ಮೇಲೆ ಅದನ್ನು ಬಿಚ್ಚಿ ಮತ್ತೊಮ್ಮೆ ಸುತ್ತಿದರು.

"ಸೀಟು ನಿಮಗೆ ಸಿಗುತ್ತೆ" ಎಂದರು ಕೊನೆಗೆ. "ಆದರೆ ಈ ಗೆರೆ ನೋಡಿಯೂ ನಾನು ಸುಮ್ಮನಿದ್ದರೆ, ಹೊರಗಿನ ಬೋರ್ಡು ಇಳಿಸಿ ಮತ್ತೆ ಐಸ್ ಮಾರಬೇಕಾಗುತ್ತೆ. ಕಾರ್ಖಾನೆಗೆ ಹೇಳ್ತೀನಿ."

"ಅವರು ಪೊರಕೆ ಕೊಡ್ತಾರೆ."

"ಅದನ್ನೂ ಹೇಳ್ತೀನಿ."

ಅವರು ಹೇಳಿದ್ದೂ ಆಯಿತು. ಎರಡು ಮೂರು ಸಲ ಹೋಗಿ ಕೂತು ಬಂದರು ಎಂದು ಸುದ್ದಿ. ಈ ಸಲದ ಕಿವಿ ಪರೀಕ್ಷೆಯನ್ನು ವಿಶ್ವವಿದ್ಯಾಲಯವೇ ಮಾಡುತ್ತದೆ, ಕುರ್ಚಿ ಗೋಡೆ ಕಡೆ ಇರುತ್ತದೆ ಎಂದು ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಪ್ರೆಸ್ಸುಗಳಿಗೆ ಸದ್ದು ತಡೆಯುವ ಗೂಡು ಕಟ್ಟಿಸುವುದಾಗಿಯೂ, ಅಲ್ಲಿಯವರೆಗೆ ಫೇಲಾದ ಯಾರನ್ನೂ ಪ್ರೆಸ್ಸಿನಿಂದ ತೆಗೆದು ಗುಡಿಸಲು ಹಾಕುವುದಿಲ್ಲವೆಂದೂ ಮ್ಯಾನೇಜರ್ ಒಪ್ಪಿದರು. ಅದನ್ನು ಎಲ್ಲೂ ಅಂಟಿಸಲಿಲ್ಲ. ಅದು ಬಾಯಿಮಾತು. ಬಾಯಿ ನೋಡಿಯೇ ಬದುಕಿದ ಸಾಲಿಗೆ ಬಾಯಿಮಾತಿನ ಬೆಲೆ ಗೊತ್ತಿತ್ತು.

ಕ್ಲಾಸು ಶುರುವಾಗುವವರೆಗೆ ರೇಡಿಯೊ ಪ್ರೆಸ್ಸಿಗೇ ಹೋಗುತ್ತಿದ್ದಳು. ಶೆಡ್ಡಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಹೊಗಳಲೂ ಇಲ್ಲ. ವಾರಗಿತ್ತಿ ಮೊದಲಿನಂತೆಯೇ ಹೊತ್ತಿಗೆ ಸರಿಯಾಗಿ ಒದೆಯುತ್ತಿದ್ದಳು, ಸ್ವಲ್ಪ ಜೋರಾಗಿಯೇ. ಮಾತು ಬಿಡಲೂ ಇಲ್ಲ. ಆದರೆ ಮುಖ ತಿರುಗಿಸಿ ಮಾತಾಡತೊಡಗಿದಳು. ಊಟದ ಹೊತ್ತಿನಲ್ಲಿ ಕಿಟಕಿಗೆ ಹೇಳಿದಳು, ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೇಳಿದಳು, ಮನೆಯಲ್ಲಿ ನಲ್ಲಿಗೆ ಹೇಳಿದಳು. ನೋಡಿದವರಿಗೆ ಇಬ್ಬರೂ ಅನ್ಯೋನ್ಯವಾಗಿದ್ದಾರೆ ಎಂದೇ ಅನಿಸುತ್ತಿತ್ತು. ರೇಡಿಯೊ ಆ ದಿನಗಳಲ್ಲಿ ವಿಪರೀತ ಮಾತಾಡಿದಳು.

ಪರೀಕ್ಷೆಗೆ ಎರಡು ದಿನ ಇರುವಾಗ ವಾರಗಿತ್ತಿ ಹಿತ್ತಿಲ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ರೇಡಿಯೊ ಮೆಟ್ಟಿಲ ಮೇಲೆ ಕೂತು ಮಗಳ ಬ್ಯಾಗಿನ ಪಟ್ಟಿ ಹೊಲಿಯುತ್ತಿದ್ದಳು. ಮಗಳು ತಾಯಿಯ ತೋಳು ಮುಟ್ಟಿದಳು.

"ಚಿಕ್ಕಮ್ಮ ಏನೋ ಹೇಳ್ತಿದಾರೆ."

"ಬೈತಿದಾಳಾ?"

"ಇಲ್ಲ. ಏನೋ ಕೇಳ್ತಿದಾರೆ. ಆಗಿನಿಂದ ಅದನ್ನೇ ಕೇಳ್ತಿದಾರೆ."

ರೇಡಿಯೊ ಸೂಜಿಯನ್ನು ಬ್ಯಾಗಿಗೆ ಚುಚ್ಚಿಟ್ಟು ಎದ್ದಳು. ಹಗ್ಗದ ಕೆಳಗೆ ಬಗ್ಗಿ, ಒಣಗಿದ ಬಟ್ಟೆಗಳ ಮಧ್ಯೆ ನುಸುಳಿ, ಸುತ್ತಿ ಬಂದು ವಾರಗಿತ್ತಿಯ ಎದುರು ನಿಂತಳು.

"ಈಗ ಹೇಳು."

ವಾರಗಿತ್ತಿ ಮುಖ ತಿರುಗಿಸಲಿಲ್ಲ. ತಿರುಗಿಸಿದರೂ ಇವಳು ಇನ್ನೊಂದು ಸುತ್ತು ಬರುತ್ತಾಳೆಂದು ಅವಳಿಗೆ ಗೊತ್ತಿತ್ತು.

"ಗೋಡೆ ನೋಡ್ಕೊಂಡು ಕೂತಾಗ ಹೆಂಗಿರುತ್ತೆ?"

ರೇಡಿಯೊ ಇಬ್ಬರ ಮಧ್ಯೆ ತೂಗುತ್ತಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಶುರುವಾಗಿದ್ದು ಗೊತ್ತಾಗಲ್ಲ" ಎಂದಳು. "ಮುಗಿದಿದ್ದೂ ಗೊತ್ತಾಗಲ್ಲ."

"ಎಷ್ಟು ಹೊತ್ತು?"

"ಅದೂ ಗೊತ್ತಾಗಲ್ಲ."

"ಸುಮ್ನೆ ಕೂತಿರ್ಬೇಕಾ?"

"ಸುಮ್ನೆ ಕೂತಿರ್ಬೇಕು. ಆಮೇಲೆ ಅವಳೇ ಬಂದು ಹೆಗಲು ಮುಟ್ತಾಳೆ."

ವಾರಗಿತ್ತಿ ತಲೆಯಾಡಿಸಿದಳು. ಹಗ್ಗದಿಂದ ದೊಡ್ಡ ಹೊದಿಕೆಯನ್ನು ಎಳೆದುಕೊಂಡು, ಎರಡು ತುದಿಗಳನ್ನು ತಾನು ಹಿಡಿದು, ಉಳಿದೆರಡನ್ನು ರೇಡಿಯೊಳ ಕೈಗೆ ಕೊಟ್ಟಳು.